ಮೆಡಿಕಲ್ ವಿದ್ಯಾರ್ಥಿಗಳ ನಡತೆಯನ್ನು ಸಹಪಾಠಿಗಳು ಅಳೆಯುವುದು ಸರಿಯೇ?

ಮಗಳು ಮಂಗಳೂರಿನಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ, ಅವಳ ನಡತೆಯನ್ನು ಗೆಳೆಯರೇ ಅಳೆಯುತ್ತಾರಂತೆ, ಇದು ಸರಿಯಾ ಎಂದು ಕೇಳಿದ್ದೀರಿ. ಸರಿ, ಆದರೆ ಅಂಕಕ್ಕಾಗಿ ಬೇಡ.

ಪ್ರೊಫೆಸರ್ ರೌಂಡ್ಸ್‌ಗೆ ಬಂದಾಗ ಎಲ್ಲರೂ ಶಿಸ್ತಾಗಿರುತ್ತಾರೆ. ಅವರು ಹೋದ ಮೇಲೆ? ತುಳು ಮಾತ್ರ ಬರುವ ಅಜ್ಜಿಯ ಪಕ್ಕ ನಿಂತು ನಾಲ್ಕು ತುಳು ಮಾತಿನಲ್ಲೇ ಸಮಾಧಾನ ಹೇಳಿದವರು ಯಾರು? ಬಿಪಿ ನೋಡದೆಯೇ ಸುಮ್ನೆ ಬರೆದವರು ಯಾರು? ರೋಗಿಯ ವಿಷಯವನ್ನು ಲಿಫ್ಟ್‌ನಲ್ಲಿ ಜೋರಾಗಿ ಆಡಿದವರು ಯಾರು? ಇದೆಲ್ಲ ಗೊತ್ತಾಗುವುದು ಜೊತೆಗಿದ್ದವರಿಗೇ ಅಲ್ವಾ?

ತನ್ನನ್ನು ತಾನೇ ಅಳೆಯುವುದು ಇನ್ನೂ ಕಷ್ಟ. 2006ರಲ್ಲಿ ಜಾಮಾ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆ ವೈದ್ಯರ ಬಗ್ಗೆ ನಡೆದ ಹಲವು ಅಧ್ಯಯನಗಳ ಪರಿಶೀಲನೆಯೊಂದನ್ನು ಪ್ರಕಟಿಸಿತು. ಕೌಶಲ ತೀರಾ ಕಡಿಮೆ ಇದ್ದವರು ಮತ್ತು ತಮ್ಮ ಮೇಲೆ ನಂಬಿಕೆ ತೀರಾ ಜಾಸ್ತಿ ಇದ್ದವರು ತಮ್ಮನ್ನು ಅಳೆದುಕೊಳ್ಳುವಾಗ ಹೆಚ್ಚು ತಪ್ಪಿದ್ದು ಅದರ ಕೆಲವು ಅಧ್ಯಯನಗಳಲ್ಲಿ ಕಂಡಿತ್ತು. ಅದಕ್ಕೇ ಎರಡೂ ಜೊತೆಗಿರಬೇಕು. ಮೊದಲು ತಾನೇ ಬರೆಯಬೇಕು, ಆಮೇಲೆ ಗೆಳೆಯರು ಬರೆದದ್ದನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು. ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲೇ ಕಲಿಯುವುದಿರುತ್ತದೆ.

ನಡತೆ, ನೀತಿ, ಮಾತುಕತೆ ಕಲಿಸುವ ಏಟ್‌ಕಾಮ್ ಪಾಠ 2019ರಿಂದ ಎಂಬಿಬಿಎಸ್‌ನಲ್ಲೇ ಇದೆ. ಇದಕ್ಕೆ ಅದು ಒಳ್ಳೆಯ ಜಾಗ.

ಅಂಕ ಸೇರಿಸಿದರೆ ಮಾತ್ರ ಕೆಡುತ್ತದೆ. ಹಾಸ್ಟೆಲ್‌ನಲ್ಲಿ ಒಂದೇ ರೂಮಿನಲ್ಲಿರುವವರು ಪರಸ್ಪರ ಕೆಟ್ಟದ್ದು ಬರೆಯುತ್ತಾರಾ? ಹೆಸರಿಲ್ಲದೆ ಬರೆಸಬೇಕು. ‘ಒಳ್ಳೆಯವಳು’ ಅಂತಲ್ಲ, ಕಣ್ಣಾರೆ ಕಂಡ ಒಂದು ಘಟನೆಯನ್ನೇ ಬರೆಸಬೇಕು. ಆಮೇಲೆ ಒಬ್ಬ ಟೀಚರ್ ಮಗಳ ಜೊತೆ ಕೂತು ಅದನ್ನು ಓದಬೇಕು.