ಗೋಧಿ ಹೊಲಕ್ಕೆ ದನ ಬಿಡಬಹುದೇ?

ಪ್ರಶ್ನೆ: ಸರ್, ನಮಸ್ಕಾರ. ನನ್ನ ಮಗ ಅಮೆರಿಕದ ಒಕ್ಲಹಾಮಾದಲ್ಲಿದ್ದಾನೆ. ಜನವರಿಯಲ್ಲಿ ಒಂದು ಫೋಟೋ ಕಳಿಸಿದ್ದ. ಹಸಿರು ಗೋಧಿ ಹೊಲ, ಅದರ ತುಂಬ ಮೇಯುವ ಕರಿ ದನ. ಅದೇ ಹೊಲದಲ್ಲಿ ಜೂನ್‌ಗೆ ಕಾಳೂ ಕೊಯ್ಯುತ್ತಾರಂತೆ. ನನಗೆ 4 ಎಕರೆ ಎರೆ ಭೂಮಿ, ಒಂದು ಕೃಷಿ ಹೊಂಡ, ಎರಡು ಎಮ್ಮೆ, ಒಂದು ಎಚ್‌ಎಫ್ ಆಕಳು ಇವೆ. ನಾನೂ ಹಿಂಗಾರಿ ಗೋಧಿಯನ್ನು ಒಮ್ಮೆ ಮೇಯಿಸಿ, ಆಮೇಲೆ ರಾಶಿ ಮಾಡಬಹುದೇ?
— ಓದುಗರೊಬ್ಬರು, ನವಲಗುಂದ ತಾಲೂಕು

ಉತ್ತರ: ನಿಮ್ಮ ಮಗ ಕಂಡದ್ದು ನಿಜ. 1998ರ ಚಳಿಗಾಲದಲ್ಲಿ ನಾನು ಅಲ್ಲಿಯ ಸ್ಟಿಲ್‌ವಾಟರ್ ಊರಿನಲ್ಲಿದ್ದೆ, ಅಂಥ ಹೊಲಗಳಲ್ಲಿ ಓಡಾಡಿದ್ದೇನೆ. ಆದರೆ ನಿಮ್ಮ ಗೋಧಿಗೆ ದಯವಿಟ್ಟು ದನ ಬಿಡಬೇಡಿ.

ಅಲ್ಲಿಯದು ಚಳಿಗಾಲದ ಗೋಧಿ. ಹಲವು ವಾರ ಚಳಿ ಉಣ್ಣದೆ ಅದು ತೆನೆ ಕಟ್ಟುವುದೇ ಇಲ್ಲ. ಅಲ್ಲಿಯವರೆಗೆ ತೆಂಡೆ (ಬುಡದಿಂದ ಏಳುವ ಕವಲು) ಒಡೆಯುತ್ತ, ಎಲೆ ಬಿಡುತ್ತ ಇರುತ್ತದೆ, ಸುಳಿ ಮಾತ್ರ ನೆಲದೊಳಗೇ. ದನ ಎಲೆ ಕಚ್ಚಿದರೂ ಸುಳಿಗೆ ಬಾಯಿ ತಾಗುವುದಿಲ್ಲ. ಬರೀ ಕಾಳಿಗಾದರೆ ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಮೇವೂ ಬೇಕೆಂದರೆ ಸೆಪ್ಟೆಂಬರ್‌ನಲ್ಲೇ ಬಿತ್ತನೆ. ಎಕರೆಗೆ 27 ಕೆಜಿ ಬೀಜ ಸಾಲುವಲ್ಲಿ 40 ಕೆಜಿಗೂ ಹೆಚ್ಚು ಹಾಕುತ್ತಾರೆ, ಸಾರಜನಕವೂ ಹೆಚ್ಚು ಬೇಕು. ನವೆಂಬರ್ ಹೊತ್ತಿಗೆ ಎಲೆ ಹಿಡಿದು ಜಗ್ಗಿ ನೋಡುತ್ತಾರೆ. ಗಿಡ ಬೇರುಸಮೇತ ಕಿತ್ತು ಬಂದರೆ ದನ ಬಿಡುವ ಕಾಲ ಇನ್ನೂ ಬಂದಿಲ್ಲ.

ದನವನ್ನು ಹೊಲದಿಂದ ಹೊರಗೆ ಹೊಡೆಯುವ ದಿನ ಗೊತ್ತುಮಾಡುವುದೇ ಕಷ್ಟದ ಕೆಲಸ. ಫೆಬ್ರವರಿ ಕೊನೆಯ ಒಂದು ಬೆಳಿಗ್ಗೆ, ಕಿವಿ ಕೊರೆಯುವ ಗಾಳಿಯಲ್ಲಿ, ಒಬ್ಬ ಮುದುಕ ರೈತ ಹೊಲದ ಮೂಲೆಯಲ್ಲಿ ಮೊಣಕಾಲೂರಿ ಕೂತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ದನ ಮುಟ್ಟದಂತೆ ಬೇಲಿ ಹಾಕಿ ಬಿಟ್ಟ ಮೂಲೆ ಅದು. ಮೇಯಿಸಿದ ಗಿಡ ನೋಡಿದರೆ ಲೆಕ್ಕ ತಪ್ಪುತ್ತದೆ. ಅವನು ಒಂದು ಗಿಡ ಕಿತ್ತು, ದಪ್ಪ ತೆಂಡೆಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದ. ಒಳಗೆ ಅಕ್ಕಿ ನುಚ್ಚಿಗಿಂತ ಚಿಕ್ಕದೊಂದು ಬಿಳಿ ತೆನೆ, ಅದರ ಕೆಳಗೆ ದಂಟು ಟೊಳ್ಳಾಗತೊಡಗಿತ್ತು. ಆ ಟೊಳ್ಳು ಒಂದೂವರೆ ಸೆಂಟಿಮೀಟರ್ ಆಯಿತೆಂದರೆ ದನ ಹೊರಗಿರಬೇಕು. ಆಮೇಲಿನ ಒಂದೊಂದು ದಿನಕ್ಕೂ ಇಳುವರಿಯಲ್ಲಿ ಶೇ. 1ರಿಂದ 5ರಷ್ಟು ಹೋಗುತ್ತದೆ. ಅವನು ಅಂದು ಸಂಜೆಯೊಳಗೆ ಅಷ್ಟೂ ದನ ಹೊರಗೆ ಹೊಡೆದ.

ನಮ್ಮ ಗೋಧಿ ತಳಿಗಳಾದ ಡಿಡಬ್ಲ್ಯುಆರ್-162 ಆಗಲಿ, ಬಿಜಗಾ ಯೆಲ್ಲೋ ಆಗಲಿ ಹೀಗೆ ಕಾಯುವ ಜಾತಿಯಲ್ಲ. ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತಿದ ಪೈರು ನೂರು ಚಿಲ್ಲರೆ ದಿನಕ್ಕೆ ಕೊಯ್ಲಿಗೆ ಬರುತ್ತದೆ. ನಲವತ್ತು ದಿನದ ಹೊತ್ತಿಗೆ ದಂಟಿನೊಳಗೆ ತೆನೆ ಮೇಲೇರತೊಡಗಿರುತ್ತದೆ. ಆಗ ಎಮ್ಮೆ ಬಾಯಿ ಹಾಕಿದರೆ ತಿನ್ನುವುದು ಎಲೆಯನ್ನಲ್ಲ, ನಿಮ್ಮ ರಾಶಿಯನ್ನೇ. ತಡವಾಗಿ ಬಂದ ತೆಂಡೆಗಳು ಫೆಬ್ರವರಿ ಬಿಸಿಲಿಗೆ ಸಿಕ್ಕು ಜೊಳ್ಳಾಗುತ್ತವೆ. ಅಲ್ಲಿಯ ಬೀಜ ತರಿಸಿದರೂ ಪ್ರಯೋಜನವಿಲ್ಲ, ನಮ್ಮ ಚಳಿ ಅದಕ್ಕೆ ಸಾಲದು.

ನಮ್ಮ ದೇಶದಲ್ಲೂ ಮೇವು, ಕಾಳು ಎರಡಕ್ಕೂ ಆಗುವ ಬೆಳೆ ಇದೆ. ಅಲ್ಮೋರಾದ ಸಂಶೋಧನಾ ಸಂಸ್ಥೆಯ ವಿಎಲ್ ಗೇಹೂಂ 829 ಎಂಬ ಗೋಧಿ ತಳಿ ಅಂಥದ್ದೇ, ಆದರೆ ಅದು ಹಿಮಾಲಯದ ಚಳಿಗೆ ಹೊಂದಿದ್ದು. ಉತ್ತರದ ಬಯಲಿನಲ್ಲಿ ಆರ್‌ಡಿ 2035 ಬಾರ್ಲಿಯನ್ನು 50–55 ದಿನಕ್ಕೆ ಒಮ್ಮೆ ಮೇವಿಗೆ ಕೊಯ್ದು, ನೀರು ಗೊಬ್ಬರ ಕೊಟ್ಟು, ಮರುಚಿಗುರಿನಿಂದ ಕಾಳು ತೆಗೆಯುತ್ತಾರೆ. ಪ್ರಯೋಗ ಮಾಡಲೇಬೇಕೆಂಬ ಆಸೆಯಿದ್ದರೆ ಎರಡು ಗುಂಟೆಯಲ್ಲಿ ಮಾತ್ರ ಬಾರ್ಲಿ ಹಾಕಿ.

ನಿಮ್ಮ ಮೂರು ರಾಸಿಗೆ ನನ್ನ ಸಲಹೆ ಬೇರೆ. ಹೊಂಡದ ಬದಿಯ ಐದಾರು ಗುಂಟೆಯಲ್ಲಿ ಡಿಎಚ್‌ಎನ್-6 ನೇಪಿಯರ್ ಹುಲ್ಲು ಹಚ್ಚಿ. ಧಾರವಾಡದ ಮೇವು ಸಂಶೋಧನಾ ಕೇಂದ್ರದಲ್ಲೇ ಬೆಳೆದು ಬಂದ ತಳಿ ಅದು. ಪಕ್ಕದಲ್ಲಿ ಒಂದಿಷ್ಟು ಕುದುರೆ ಮೆಂತ್ಯ ಇರಲಿ. ನೀರು ಮಿಕ್ಕಿದರೆ ಹಿಂಗಾರಿಗೆ ಕೆಂಟ್ ತಳಿಯ ಓಟ್ಸ್ ಹಾಕಿ. ಎಳೆಯದನ್ನು ಒಮ್ಮೆಲೇ ಹೊಟ್ಟೆ ತುಂಬ ಹಾಕಬೇಡಿ, ಒಣಮೇವಿನ ಜೊತೆ ಬೆರೆಸಿ. ಅಮೆರಿಕದಲ್ಲೂ ಎಳೆ ಗೋಧಿ ಮೇಯ್ದ ದನ ಹೊಟ್ಟೆಯುಬ್ಬರದಿಂದ ಸಾಯುವುದುಂಟು.

ಮಗನಿಗೆ ಒಂದು ಕೆಲಸ ಹೇಳಿ. ಬರುವ ಫೆಬ್ರವರಿ ಕೊನೆಗೆ ಆ ಹೊಲದವರನ್ನು ಕೇಳಿ ಒಂದು ತೆಂಡೆ ಸೀಳಿ ಫೋಟೋ ಕಳಿಸಲಿ. ಅಷ್ಟೊತ್ತಿಗೆ ನಿಮ್ಮ ಕಣದಲ್ಲಿ ಗೋಧಿ ರಾಶಿ ನಡೆದಿರುತ್ತದೆ.