ಎಂಗೇಜ್‌ಮೆಂಟ್ ಉಂಗುರಕ್ಕೆ ಎರಡು ತಿಂಗಳ ಸಂಬಳ ಹಾಕಲೇಬೇಕಾ?

ನಿಮ್ಮ ಪ್ರಶ್ನೆ ಓದಿದೆ. ತಿಂಗಳಿಗೆ 30,000 ಸಂಬಳ. ನಿಶ್ಚಿತಾರ್ಥ ಹತ್ತಿರ ಬಂದಿದೆ. ಹುಡುಗಿಗೆ ವಜ್ರದ ಉಂಗುರ ಹಾಕಬೇಕು, ಅದಕ್ಕೆ ಎರಡು ತಿಂಗಳ ಸಂಬಳ ಇಡೋದು ಪದ್ಧತಿ ಅಂತ ಆಫೀಸಿನ ಗೆಳೆಯರು ಹೇಳಿದ್ದಾರೆ. ಪರ್ಸನಲ್ ಲೋನ್ ತೆಗೆದುಕೊಳ್ಳಲಾ ಅಂತ ಕೇಳಿದ್ದೀರಿ.

ದಯವಿಟ್ಟು ತೆಗೆದುಕೊಳ್ಳಬೇಡಿ. 60,000 ಸಾಲ, ವರ್ಷಕ್ಕೆ ಶೇಕಡ 15 ಬಡ್ಡಿ, ಎರಡು ವರ್ಷದ ಅವಧಿ ಅಂತಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 2,900 ಕಟ್ಟಬೇಕು. ಮುಗಿಯುವಾಗ ಹತ್ತಿರ ಹತ್ತಿರ 70,000 ಕೊಟ್ಟಿರುತ್ತೀರಿ. ಮದುವೆಯಾದ ಮೊದಲ ವರ್ಷ ಪೂರ್ತಿ ಆ ಕಂತು ಮನೆಯ ಬಾಡಿಗೆ ಜೊತೆ ಬರುತ್ತಿರುತ್ತದೆ. ಅದನ್ನು ನೀವೊಬ್ಬರೇ ಕಟ್ಟುವುದಿಲ್ಲ, ಅವಳೂ ಕಟ್ಟುತ್ತಾಳೆ.

ಇನ್ನು ಈ ಪದ್ಧತಿ ಎಲ್ಲಿಂದ ಬಂತು ನೋಡಿ. ದಕ್ಷಿಣ ಆಫ್ರಿಕಾದ ಗಣಿಗಳ ವಜ್ರ ಮಾರುತ್ತಿದ್ದ ಡಿ ಬೀರ್ಸ್ ಕಂಪನಿ 1938ರಲ್ಲಿ ಅಮೆರಿಕದ ಎನ್.ಡಬ್ಲ್ಯೂ. ಆಯರ್ ಅನ್ನುವ ಜಾಹೀರಾತು ಸಂಸ್ಥೆಯನ್ನು ಹಿಡಿಯಿತು. ಆಗ ಅಲ್ಲಿ ವಜ್ರದ ವ್ಯಾಪಾರ ಬಿದ್ದುಹೋಗಿತ್ತು. 'ವಜ್ರ ಎಂದೆಂದಿಗೂ' ಅನ್ನುವ ಅರ್ಥದ ಆ ಪ್ರಸಿದ್ಧ ಸಾಲನ್ನು ಬರೆದದ್ದು ಅದೇ ಸಂಸ್ಥೆಯ ಫ್ರಾನ್ಸಿಸ್ ಗೆರೆಟಿ, 1947ರಲ್ಲಿ. ಎರಡು ತಿಂಗಳ ಸಂಬಳದ ಮಾತು ಅಮೆರಿಕದಲ್ಲಿ ಜೋರಾದದ್ದು 1980ರ ದಶಕದಲ್ಲಿ, ಅದೂ ಇವರದೇ ಜಾಹೀರಾತುಗಳಿಂದ. ಜಪಾನಿನಲ್ಲಂತೂ ಅದು ಮೂರು ತಿಂಗಳು! 1967ರಲ್ಲಿ ಅಲ್ಲಿ ಮದುವೆ ನಿಶ್ಚಯವಾದ ಹೆಣ್ಣುಮಕ್ಕಳಲ್ಲಿ ವಜ್ರದ ಉಂಗುರ ಸಿಗುತ್ತಿದ್ದದ್ದು ನೂರಕ್ಕೆ ಐದು ಮಂದಿಗೂ ಇಲ್ಲ. 1981ರ ಹೊತ್ತಿಗೆ ಸುಮಾರು 60 ಮಂದಿಗೆ. ಹದಿನಾಲ್ಕು ವರ್ಷದಲ್ಲಿ ಒಂದು ದೇಶಕ್ಕೆ ಹೊಸ ಸಂಪ್ರದಾಯ ಬಂದುಬಿಟ್ಟಿತು. ನಿಮ್ಮ ಗೆಳೆಯರು ಪದ್ಧತಿ ಅಂತ ಹೇಳುತ್ತಿರುವುದು ಇದನ್ನೇ.

ನಮಗೇನೂ ವಜ್ರ ಗೊತ್ತಿರಲಿಲ್ಲ ಅಂತಲ್ಲ. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೆ ಜಗತ್ತಿಗೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಹೋಗುತ್ತಿತ್ತು. ಆಂಧ್ರದಲ್ಲಿ ಕೃಷ್ಣಾ ನದಿ ದಂಡೆಯ ಕೊಲ್ಲೂರು ಗಣಿ ಎಷ್ಟು ದೂರ? ಆದರೂ ನಮ್ಮ ಕಡೆ ಅನುಕೂಲ ಇದ್ದವರು ಮೂಗುತಿಗೆ, ಓಲೆಗೆ ವಜ್ರ ಹಾಕಿಸಿದರು ಅಷ್ಟೆ. ಅದು ಎಲ್ಲರಿಗೂ ಆಗಿಬರಲ್ಲ ಅಂತ ಹಿಂದೆ ಮುಂದೆ ನೋಡುತ್ತಿದ್ದವರೇ ಜಾಸ್ತಿ. ಮಾತು ಗಟ್ಟಿಯಾಗುತ್ತಿದ್ದದ್ದು ತಟ್ಟೆ ಬದಲಾಯಿಸಿದಾಗ. ಎಲೆ, ಅಡಿಕೆ, ತೆಂಗಿನಕಾಯಿ, ಹೂವು, ಒಂದು ಸೀರೆ. ಉತ್ತರ ಕರ್ನಾಟಕದಲ್ಲಾದರೆ ಹುಡುಗಿಗೆ ಉಡಿ ತುಂಬುತ್ತಾರೆ. ನಾಲ್ಕು ಜನ ಹಿರಿಯರ ಎದುರು ಆ ತಾಂಬೂಲ ಕೈ ಬದಲಾಯಿತು ಅಂದರೆ ಮುಗಿಯಿತು, ಅದರಿಂದ ಹಿಂದೆ ಸರಿಯುವುದು ಸಣ್ಣ ವಿಷಯ ಆಗಿರಲಿಲ್ಲ. ಮಂಗಳೂರು ಕಡೆಯ ಕ್ರೈಸ್ತರ ಮಾತು ಬೇರೆ. ಚರ್ಚಿನಲ್ಲಿ ಉಂಗುರವನ್ನು ಆಶೀರ್ವದಿಸಿ ತೊಡಿಸುತ್ತಾರೆ, ಅದು ಪ್ರಾರ್ಥನೆಯ ಭಾಗ. ಅಲ್ಲೂ ಕಲ್ಲಿಲ್ಲದ ಸರಳ ಬಂಗಾರದ ಉಂಗುರ ಸಾಕು.

ನನಗೆ ನಿಜವಾಗಿ ಹೇಳಬೇಕಾಗಿರುವುದು ಬೇರೆ ಇದೆ. ನೀವು ನಿಮ್ಮ ಖರ್ಚನ್ನು ಮಾತ್ರ ಲೆಕ್ಕ ಹಾಕಿದ್ದೀರಿ. ನಿಮಗೂ ಒಂದು ಉಂಗುರ ಬರುತ್ತದಲ್ವಾ? ಅದನ್ನು ಕೊಳ್ಳುವವರು ಯಾರು?

ನನ್ನ ಅಕ್ಕನ ನಿಶ್ಚಿತಾರ್ಥಕ್ಕೆ ಉಂಗುರ ತರಲು ಅಪ್ಪ, ಅಮ್ಮನ ಜೊತೆ ನಾನೂ ಹೋಗಿದ್ದೆ. ಬೀಗರು ಅಕ್ಕನಿಗೆ ತೆಗೆದಿದ್ದ ಉಂಗುರದ ಫೋಟೋ ಅಮ್ಮನ ಫೋನಿನಲ್ಲಿತ್ತು. ಅಪ್ಪ ಒಂದು ಉಂಗುರ ಎತ್ತಿಕೊಂಡರು, ದಾರಕ್ಕೆ ಕಟ್ಟಿದ್ದ ಪುಟ್ಟ ಚೀಟಿ ತಿರುಗಿಸಿ ತೂಕ ನೋಡಿದರು, ಮತ್ತೆ ಟ್ರೇಯಲ್ಲಿಟ್ಟರು. ಅದಕ್ಕಿಂತ ಹಗುರದ್ದು ಕೈಗೆ ತೆಗೆದುಕೊಂಡಾಗ ಅಮ್ಮ ಫೋಟೋ ತೋರಿಸಿ, "ಅವರದ್ದು ನೋಡಿ, ಇದು ತೀರಾ ತೆಳ್ಳಗೆ ಕಾಣುತ್ತೆ" ಅಂದರು. ಕೊನೆಗೆ ಮೊದಲನೆಯದನ್ನೇ ತಂದೆವು. ಬೀಗರು ಬಾಯಿಬಿಟ್ಟು ಏನೂ ಕೇಳಿರಲಿಲ್ಲ. ಅವರು ಕೊಟ್ಟದ್ದಕ್ಕೆ ಸರಿಸಮ ಕೊಡಬೇಕು ಅನ್ನುವ ಒಂದೇ ಕಾರಣಕ್ಕೆ ಅಪ್ಪ ತಮ್ಮ ಕೈಮೀರಿ ಖರ್ಚು ಮಾಡಿದರು. ಛತ್ರ, ಊಟ, ಸೀರೆ ಎಲ್ಲ ಆಗಲೇ ಅವರ ತಲೆಯ ಮೇಲಿತ್ತು.

ನೀವು 60,000ದ ಉಂಗುರ ತಂದರೆ ನಿಮ್ಮ ಭಾವಿ ಮಾವ ಕೂಡ ಹೀಗೇ ಚೀಟಿ ತಿರುಗಿಸುತ್ತಾರೆ. ನೀವು ಪ್ರೀತಿಯಿಂದಲೇ ತರುತ್ತಿರಬಹುದು, ಆದರೆ ಅವರಿಗೆ ಅದು ಕಟ್ಟಲೇಬೇಕಾದ ಲೆಕ್ಕ. ನಿಮ್ಮ ಕಡೆಯ ನೆಂಟರು ಯಾರಾದರೂ "ಹುಡುಗನಿಗೆ ಇಷ್ಟು ಗ್ರಾಂ ಆದರೂ ಬೇಡ್ವಾ" ಅಂತ ಶುರು ಮಾಡಿದರಂತೂ ಅಲ್ಲೇ ತಡೆಯಿರಿ. ಮದುವೆಯ ಸಲುವಾಗಿ ಕೇಳಿ ಪಡೆದದ್ದು ವರದಕ್ಷಿಣೆಯೇ. 1961ರ ಕಾಯ್ದೆ ಮದುವೆಗೆ ಮುಂಚೆ ಕೊಟ್ಟದ್ದನ್ನೂ ಬಿಡುವುದಿಲ್ಲ. ಉಂಗುರದ ಹೆಸರಿನಲ್ಲಿ ಅದು ಒಳಗೆ ಬರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅಲ್ಲಿ ಅದನ್ನು ತಡೆಯಲು ಸಾಧ್ಯ ಇದ್ದದ್ದು ಹುಡುಗನಿಗೆ ಮಾತ್ರ.

ನನ್ನ ಸರದಿ ಬಂದಾಗ ನಾವಿಬ್ಬರೂ ಮೊದಲೇ ಕೂತು ಮಾತಾಡಿದೆವು. ನಿಶ್ಚಿತಾರ್ಥದಲ್ಲಿ ತಾಂಬೂಲ ಮಾತ್ರ, ಉಂಗುರ ಬೇಡ ಅಂತ ನಿರ್ಧಾರ ಮಾಡಿದೆವು. ಅವರ ಮನೆಯಲ್ಲಿ ಅವರೇ ಹೇಳಿದರು, ನಮ್ಮ ಮನೆಯಲ್ಲಿ ನಾನು. ಒಬ್ಬರು ಅತ್ತೆಗೆ ಬೇಜಾರಾಯಿತು, ಫೋಟೋದಲ್ಲಿ ಏನು ತೋರಿಸುತ್ತೀರಿ ಅಂದರು. ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಮಾಡಿಕೊಂಡೆವು. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆ ಮಾಡಿಸಿದ ರೀತಿ ಅದು. ಎಲ್ಲರ ಎದುರು ಗಟ್ಟಿಯಾಗಿ ಓದಿದ ಆ ಪ್ರತಿಜ್ಞೆಯ ಮಾತುಗಳು ನನಗೆ ಈಗಲೂ ನೆನಪಿವೆ.

ಪ್ರಾಮಿಸ್ ರಿಂಗ್ ಬಗ್ಗೆಯೂ ಕೇಳಿದ್ದೀರಿ. ಫೆಬ್ರವರಿ 11ರ ಪ್ರಾಮಿಸ್ ಡೇ ಹೊತ್ತಿಗೆ ಅಂಗಡಿಗಳು ಅದನ್ನು ಮಾರುತ್ತವೆ. ನಿಶ್ಚಿತಾರ್ಥವೇ ಆಗುತ್ತಿರುವಾಗ ಸುಮ್ನೆ ಅದೊಂದು ಯಾಕೆ?

ಇಷ್ಟಾಗಿಯೂ ಅವಳಿಗೆ ಉಂಗುರ ಅಂದರೆ ನಿಜವಾಗಿ ಇಷ್ಟ ಇರಬಹುದು. ಆ ಆಸೆಯಲ್ಲಿ ತಪ್ಪೇನಿಲ್ಲ. ಅವಳನ್ನೇ ಕೇಳಿ, ಸರ್‌ಪ್ರೈಸ್ ಅಂತ ಮುಚ್ಚಿಡಬೇಡಿ. ಕೊಳ್ಳುವುದಾದರೆ ಬಿಲ್ಲನ್ನು ಬಿಡಿಸಿ ಕೊಡಿ ಅನ್ನಿ: ಬಂಗಾರದ ತೂಕ, ಕೂಲಿ, ಕಲ್ಲು, ಶೇಕಡ 3ರ ಜಿಎಸ್‌ಟಿ. ವಜ್ರದ ಉಂಗುರ ಸಾಮಾನ್ಯವಾಗಿ 18 ಕ್ಯಾರಟ್, ಅಂದರೆ ನೂರಕ್ಕೆ 75 ಭಾಗ ಮಾತ್ರ ಬಂಗಾರ. 20 ಸೆಂಟ್ ವಜ್ರ ಅಂದರೆ 40 ಮಿಲಿಗ್ರಾಂ, ಅಗಲ ನಾಲ್ಕು ಮಿಲಿಮೀಟರೂ ಇಲ್ಲ. ನಾಳೆ ಕಷ್ಟಕ್ಕೆ ಮಾರಲು ಹೋದರೆ ಬಂಗಾರಕ್ಕೆ ಆ ದಿನದ ರೇಟು ಹಿಡಿಯುತ್ತಾರೆ, ಕೂಲಿ ಮತ್ತು ತೆರಿಗೆ ಹೋದ ಹಾಗೆಯೇ, ಕಲ್ಲಿಗೆ ನೀವು ಕೊಟ್ಟಷ್ಟು ಬರುವುದಿಲ್ಲ. ಲ್ಯಾಬಿನಲ್ಲಿ ಬೆಳೆಸಿದ ವಜ್ರವೂ ಅದೇ ಇಂಗಾಲ, ಹೊಳಪೂ ಅದೇ, ಬೆಲೆ ತುಂಬಾ ಕಡಿಮೆ. ಆದರೆ ಮಾರಿದರೆ ಇನ್ನೂ ಕಡಿಮೆ ಸಿಗುತ್ತದೆ, ಅದನ್ನು ಆಸ್ತಿ ಅಂದುಕೊಂಡು ಕೊಳ್ಳಬೇಡಿ.

ನನ್ನನ್ನು ಕೇಳಿದರೆ ಇಬ್ಬರಿಗೂ ಒಂದೇ ತೂಕದ, ಕಲ್ಲಿಲ್ಲದ 22 ಕ್ಯಾರಟ್ ಉಂಗುರ ತೆಗೆದುಕೊಳ್ಳಿ. ಕೈಯಲ್ಲಿರುವ ಹಣದಲ್ಲಿ ಎಷ್ಟು ಗ್ರಾಂ ಬರುತ್ತದೋ ಅಷ್ಟು. ಎರಡರ ಬಿಲ್ಲನ್ನೂ ನೀವಿಬ್ಬರೇ ಹಂಚಿಕೊಳ್ಳಿ, ಅವಳ ಅಪ್ಪನಿಗೆ ಈ ವಿಷಯ ಮುಂಚೆಯೇ ಫೋನ್ ಮಾಡಿ ಹೇಳಿ. ಉಂಗುರದ ಒಳಬದಿಯಲ್ಲಿ ಅಕ್ಷರ, ಅಂಕಿ ಸೇರಿ ಆರು ಇರುವ ಎಚ್‌ಯುಐಡಿ, ಅಂದರೆ ಹಾಲ್‌ಮಾರ್ಕ್ ಗುರುತಿನ ಸಂಖ್ಯೆ ಇದೆಯಾ ನೋಡಿ, ಅಂಗಡಿಯಲ್ಲೇ ಸರ್ಕಾರದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಪರೀಕ್ಷಿಸಿ, ಆಮೇಲೆ ಹಣ ಕೊಡಿ.