ಗ್ಲಾಕೋಮಾ ಹನಿ: ಕಂಪನಿಯ ಹೆಸರಿನದೋ, ಜೆನೆರಿಕ್ಕೋ?

ತಮ್ಮಾ, ನಿಮ್ಮ ತಂದೆಯವರಿಗೆ ಗ್ಲಾಕೋಮಾಕ್ಕೆ (ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿ ನರ ಹಾಳಾಗುವ ಕಾಯಿಲೆಗೆ) ಬರೆದುಕೊಟ್ಟಿರುವ ಲ್ಯಾಟನೊಪ್ರೊಸ್ಟ್ ಹನಿ ದುಬಾರಿಯಾಗುತ್ತಿದೆ, ಅಗ್ಗದ ಜೆನೆರಿಕ್, ಅಂದರೆ ಅದೇ ಔಷಧವನ್ನು ಬೇರೆ ಕಂಪನಿ ತಯಾರಿಸಿದ್ದು, ಹಾಕಬಹುದೇ ಎಂದು ಕೇಳಿದ್ದೀರಿ. ದ್ರಾಕ್ಷಿ ಬೆಳೆಗಾರರ ಗುಂಪಿನಲ್ಲಿ ಕಣ್ಣಿನ ಮಾತೇಕೆ ಎಂದು ಯಾರೂ ಬೇಸರಿಸಬಾರದು, ಅರವತ್ತು ದಾಟಿದವರು ಇಲ್ಲಿ ಬಹಳ ಇದ್ದೇವೆ. ನಾನು ವೈದ್ಯನಲ್ಲ, ಆದರೆ ಒಂಬತ್ತು ವರ್ಷಗಳಿಂದ ಎರಡೂ ಕಣ್ಣಿಗೆ ಇದೇ ಹನಿಯನ್ನು ಹಾಕಿಕೊಳ್ಳುತ್ತಿದ್ದೇನೆ.

ಬೆಳೆಯ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಮ್ಯಾಂಕೋಜೆಬ್ ಕೊಳ್ಳುವಾಗ ನಾವು ಪಾಕೀಟಿನ ದೊಡ್ಡ ಹೆಸರನ್ನು ಬಿಟ್ಟು ಕೆಳಗೆ ಸಣ್ಣ ಅಕ್ಷರದಲ್ಲಿರುವ ಟೆಕ್ನಿಕಲ್ ಹೆಸರನ್ನು, ಅಂದರೆ ಒಳಗಿನ ನಿಜವಾದ ಔಷಧದ ಹೆಸರನ್ನು, ಓದುತ್ತೇವಲ್ಲ, ಹನಿಯ ಡಬ್ಬಿಯಲ್ಲೂ ಮೊದಲು ಅದನ್ನೇ ಓದಬೇಕು: ಲ್ಯಾಟನೊಪ್ರೊಸ್ಟ್ 0.005 ಪ್ರತಿಶತ, ಅಂದರೆ ಒಂದು ಮಿಲಿಲೀಟರಿಗೆ 50 ಮೈಕ್ರೋಗ್ರಾಂ. ಇದರ ಮೂಲ ಔಷಧವಾದ ಕ್ಸಲಾಟಾನ್ 1996ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆಯಿತು. ನಮ್ಮ ದೇಶದಲ್ಲಿ 2005ರವರೆಗೆ ಔಷಧ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಸಿಗುತ್ತಿತ್ತು, ಔಷಧಕ್ಕೇ ಸಿಗುತ್ತಿರಲಿಲ್ಲ. ಹೀಗಾಗಿ ಇಂಥ ಔಷಧಗಳನ್ನು ಇಲ್ಲಿಯ ಹಲವು ಕಂಪನಿಗಳು ತಮ್ಮ ತಮ್ಮ ಹೆಸರಿನಲ್ಲಿ ತಯಾರಿಸುವ ರೂಢಿ ಬೆಳೆಯಿತು. ಔಷಧ ಅಂಗಡಿಯಲ್ಲಿ ನಾವು ಬ್ರ್ಯಾಂಡ್ ಎಂದು ನಂಬಿ ಹೆಚ್ಚು ಹಣ ಕೊಡುವ ಬಾಟಲಿಯೂ ಬಹಳ ಸಲ ಹೆಸರಿಟ್ಟ ಜೆನೆರಿಕ್ಕೇ ಆಗಿರುತ್ತದೆ.

ಹಾಗಾದರೆ ಎಲ್ಲವೂ ಒಂದೇ ಎನ್ನೋಣವೇ? ಟೆಕ್ನಿಕಲ್ ಒಂದೇ ಇದ್ದರೂ ಒಂದು ಕಂಪನಿಯ ಪುಡಿ ಟ್ಯಾಂಕಿನ ತಳಕ್ಕೆ ಕೂತು ನೋಜಲ್ ಕಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ಗುಳಿಗೆಯಾದರೆ ರಕ್ತದಲ್ಲಿ ಎಷ್ಟು ಸೇರಿತೆಂದು ಅಳೆದು ಹೋಲಿಸಬಹುದು, ಆದರೆ ಹನಿಯು ಕಣ್ಣಿನೊಳಗೆ ಕೆಲಸ ಮಾಡುವುದರಿಂದ ಆ ಅಳತೆ ಇಲ್ಲಿ ಉಪಯೋಗಕ್ಕೆ ಬಾರದು. ಚೆನ್ನೈನಲ್ಲಿ 30 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಸಲಾಟಾನ್ ಕಣ್ಣಿನ ಒತ್ತಡವನ್ನು ಸುಮಾರು 39 ಪ್ರತಿಶತ ಇಳಿಸಿದರೆ, ಒಂದು ಭಾರತೀಯ ಜೆನೆರಿಕ್ ಸುಮಾರು 25 ಪ್ರತಿಶತ ಇಳಿಸಿತು. ಆದರೆ ಜನ ಕಡಿಮೆ, ಪರೀಕ್ಷಿಸಿದ್ದು ಒಂದೇ ಜೆನೆರಿಕ್, ಮೇಲಾಗಿ ಯಾರಿಗೆ ಯಾವ ಹನಿ ಎಂಬುದನ್ನು ಮುಚ್ಚಿಟ್ಟಿರಲಿಲ್ಲ. ಇದೊಂದನ್ನೇ ಹಿಡಿದು ಎಲ್ಲ ಜೆನೆರಿಕ್ಕುಗಳೂ ಕಳಪೆ ಎಂದು ನಾನು ಹೇಳಲಾರೆ. ಬದಲಿಸಿದ ಮೇಲೆ ಒತ್ತಡವನ್ನು ಅಳೆಸಲೇಬೇಕು ಎಂದಷ್ಟೇ ಹೇಳಬಲ್ಲೆ.

ನನಗೆ ತೊಂದರೆ ಕೊಟ್ಟದ್ದು ಔಷಧಕ್ಕಿಂತ ಹೆಚ್ಚಾಗಿ ಬಾಟಲಿ. 2.5 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 80 ಹನಿಗಳಿರುತ್ತವೆ ಎಂಬ ಲೆಕ್ಕವಿದೆ. ಎರಡು ಕಣ್ಣಿಗೆ ರಾತ್ರಿಗೊಂದು ಹನಿಯಂತೆ ತಿಂಗಳಿಗೆ 60 ಸಾಕು. ಆದರೆ ನಾನು ತಂದ ಒಂದು ಅಗ್ಗದ ಬಾಟಲಿಯ ಮೂತಿ ಅಗಲವಾಗಿದ್ದು, ಒತ್ತಿದರೆ ಎರಡು ಮೂರು ಹನಿಗಳು ಒಟ್ಟಿಗೆ ಬಿದ್ದು, ಇಪ್ಪತ್ತೆರಡನೆಯ ದಿನಕ್ಕೇ ಖಾಲಿಯಾಯಿತು. ಮುಂದಿನ ಸಂತೆಯ ದಿನದವರೆಗೆ ಹನಿಯಿಲ್ಲದೆ ಕಳೆದದ್ದು ನನ್ನ ತಪ್ಪು. ಆದ್ದರಿಂದ ಬಾಟಲಿಯ ಬೆಲೆಯನ್ನಲ್ಲ, ತಿಂಗಳ ಖರ್ಚನ್ನು ಹೋಲಿಸಿ ನೋಡಿ. ಒಂದು ಹನಿಯೇ ಕಣ್ಣು ಹಿಡಿಯುವುದಕ್ಕಿಂತ ಹೆಚ್ಚು; ಉಳಿದದ್ದು ಕೆನ್ನೆಗೆ ಹರಿಯುತ್ತದೆ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಬೇಕು. ಬೇರೆ ಹನಿಯೂ ಇದ್ದರೆ ಐದು ನಿಮಿಷ ಬಿಟ್ಟು ಹಾಕಲಿ. ಬೇಗ ಗುಣವಾಗಲಿ ಎಂದು ಲ್ಯಾಟನೊಪ್ರೊಸ್ಟನ್ನು ದಿನಕ್ಕೆ ಎರಡು ಸಲ ಹಾಕಿದರೆ ಪರಿಣಾಮ ಕಡಿಮೆಯಾಗುತ್ತದೆ, ಹೆಚ್ಚುವುದಿಲ್ಲ.

ಇನ್ನು ನಮ್ಮ ವಿಜಯಪುರದ ಬಿಸಿಲು. ತೆರೆಯದ ಬಾಟಲಿ ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿರಬೇಕು, ಆದರೆ ಏಪ್ರಿಲ್ ಮೇ ತಿಂಗಳಿನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಅಂಗಡಿಯವರು ಫ್ರಿಜ್‌ನಿಂದ ತೆಗೆದು ಕೊಡುತ್ತಾರೋ, ಕಪಾಟಿನಿಂದಲೋ ಎಂಬುದನ್ನು ನಾನು ಹೆಸರಿಗಿಂತ ಮೊದಲು ನೋಡುತ್ತೇನೆ. ಫ್ರಿಜ್ ಬೇಡದ ಬಗೆಯೂ ಈಗ ಬಂದಿರುವುದರಿಂದ ಡಬ್ಬಿಯ ಸೂಚನೆಯನ್ನು ಓದಿಕೊಳ್ಳಿ. ತೆರೆದ ದಿನವನ್ನು ಪೆನ್ನಿನಿಂದ ಬಾಟಲಿಯ ಮೇಲೆ ಬರೆದಿಟ್ಟು, ಅದರಲ್ಲಿ ಹೇಳಿದ ಅವಧಿ ಮುಗಿದ ಮೇಲೆ ಉಳಿದಿದ್ದರೂ ಚೆಲ್ಲಿಬಿಡಿ. ಬೈಕಿನ ಡಿಕ್ಕಿಯಲ್ಲಿಟ್ಟು ತೋಟಕ್ಕೆ ಒಯ್ಯಲೇಬಾರದು.

ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ಜೆನೆರಿಕ್ ಹಾಕಬಹುದು, ಆದರೆ ವೈದ್ಯರಿಗೆ ಹೇಳಿಯೇ ಬದಲಿಸಿ, ಬದಲಿಸಿದ ನಾಲ್ಕರಿಂದ ಆರು ವಾರಗಳಲ್ಲಿ ಒತ್ತಡವನ್ನು ಅಳೆಸಿ ಹಿಂದಿನ ಅಂಕಿಯೊಡನೆ ಹೋಲಿಸಬೇಕು. ಅಂಕಿ ಸರಿಯಿದ್ದರೆ ಅದೇ ಕಂಪನಿಯದನ್ನೇ ಮುಂದುವರಿಸಿ, ತಿಂಗಳಿಗೊಂದು ಕಂಪನಿಯದನ್ನು ಕೊಡಲು ಅಂಗಡಿಯವರಿಗೆ ಬಿಡಬೇಡಿ. ಒತ್ತಡ ಏರಿದರೂ ಸಾಮಾನ್ಯವಾಗಿ ತಂದೆಯವರಿಗೆ ನೋವಾಗಲಿ, ಮಂಜಾಗಲಿ ತಿಳಿಯುವುದಿಲ್ಲ. ದೃಷ್ಟಿ ನರ ಒಮ್ಮೆ ಸತ್ತರೆ ಆ ನೋಟ ಮರಳಿ ಬರುವುದೂ ಇಲ್ಲ. ಇನ್ನೊಂದು ಎಚ್ಚರಿಕೆ: ಹೆಸರು ಅದೇ ಇದ್ದು ಕೊನೆಗೆ ಒಂದು ಅಕ್ಷರ ಹೆಚ್ಚಿದ್ದರೆ, ಅದರಲ್ಲಿ ಟಿಮೊಲಾಲ್ ಎಂಬ ಇನ್ನೊಂದು ಔಷಧವೂ ಬೆರೆತಿರಬಹುದು. ದಮ್ಮು ಇರುವವರಿಗೂ ನಾಡಿ ನಿಧಾನವಾಗಿರುವವರಿಗೂ ಅದು ಅಪಾಯಕಾರಿ. ಮುಂದಿನ ತಪಾಸಣೆಗೆ ಹೋಗುವಾಗ ಚೀಟಿಯೊಂದಿಗೆ ಈಗ ಹಾಕುತ್ತಿರುವ ಬಾಟಲಿಯನ್ನೂ ಡಬ್ಬಿಯ ಸಮೇತ ಒಯ್ಯಿರಿ.